ಮಾವನಿಗೂ ಇದೆ, ಅಕ್ಕನ ಮಗನಿಗೂ ಇದೆ. ನನ್ನ ಹತ್ತಿರವೂ ಇದೆಯಾ?

ಗೌರಿಬಿದನೂರಿನವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇದೆ, ಅದರ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿ. ನನಗೆ 25 ವರ್ಷ. ಬಿಕಾಂ ಮುಗಿಸಿ ಒಂದು ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತೇನೆ.

ಅಮ್ಮನ ತಾಯಿಗೆ ಮೂರು ಮಕ್ಕಳು. ಮೊದಲು ನಮ್ಮಮ್ಮ, ಆಮೇಲೆ ಇಬ್ಬರು ಗಂಡುಮಕ್ಕಳು. ದೊಡ್ಡ ಮಾವನನ್ನು ನಾನು ನೋಡೇ ಇಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಹುಣಸೆಮರದಿಂದ ಬಿದ್ದನಂತೆ. ತಲೆಯಲ್ಲಿ ಒಂದು ಗೀರು ಕೂಡ ಇರಲಿಲ್ಲ. ಮುದ್ದೆ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಚಿಕ್ಕ ಮಾವನಿಗೆ ಈಗ 36. ಚಿಕ್ಕವನಿದ್ದಾಗಿನಿಂದ ಮೊಣಕಾಲು ಊದುವುದು, ಹದಿನೈದು ದಿನ ಚಾಪೆ ಹಿಡಿಯುವುದು, ಮತ್ತೆ ಏಳುವುದು. ಊರಲ್ಲಿ ವಾತ ಅಂದರು, ಅಜ್ಜಿ ನಾಗದೋಷ ಅಂದರು. ವಿದುರಾಶ್ವತ್ಥದಲ್ಲಿ ಒಂದು ನಾಗರಕಲ್ಲು ಪ್ರತಿಷ್ಠೆ ಮಾಡಿಸಿದರು. ಅಲ್ಲಿರುವ ಅಷ್ಟು ಕಲ್ಲುಗಳಲ್ಲಿ ನಮ್ಮದು ಯಾವುದು ಅಂತ ಅಜ್ಜಿ ಒಬ್ಬರಿಗೇ ಗೊತ್ತು. ನೇರ ಹೋಗಿ ಅದೇ ಕಲ್ಲಿನ ಮುಂದೆ ನಿಲ್ಲುತ್ತಾರೆ. ಮಾವನ ಬಲಗಾಲು ಈಗ ನೆಟ್ಟಗಾಗುವುದಿಲ್ಲ. ಟೈಲರ್ ಕೆಲಸ. ತುಳಿಯೋಕೆ ಆಗಲ್ಲ ಅಂತ ಮಿಷನ್‌ಗೆ ಮೋಟರ್ ಹಾಕಿಸಿಕೊಂಡಿದ್ದಾನೆ. ನನ್ನ ಸ್ಕೂಲ್ ಯೂನಿಫಾರ್ಮ್ ಎಲ್ಲಾ ಅವನೇ ಹೊಲಿದದ್ದು.

ಹೋದ ವರ್ಷ ಅಕ್ಕನ ಮಗ ನಡೆಯೋಕೆ ಶುರು ಮಾಡಿದ. ಬಿದ್ದಾಗೆಲ್ಲ ಮೈಮೇಲೆ ನೀಲಿ ಮಚ್ಚೆ. ಪಕ್ಕದ ಮನೆಯವರು "ಮಗೂನ ಹೊಡೀತೀಯೇನಮ್ಮ" ಅಂತ ಅಕ್ಕನನ್ನು ಕೇಳಿಬಿಟ್ಟರು. ಒಂದು ಸಲ ಜ್ವರ ಬಂದಾಗ ಒಂದು ಕ್ಲಿನಿಕ್‌ನಲ್ಲಿ ತೊಡೆಗೆ ಸೂಜಿ ಚುಚ್ಚಿದರು. ರಾತ್ರಿ ಹೊತ್ತಿಗೆ ತೊಡೆ ಬಿಗಿದು ಕಲ್ಲಾಯಿತು. ಬೆಂಗಳೂರಿಗೆ ಓಡಿದೆವು. ಹಿಮೋಫಿಲಿಯಾ ಎ, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಫ್ಯಾಕ್ಟರ್ 8 ಅನ್ನೋ ಅಂಶ ಶೇಕಡ 1ಕ್ಕಿಂತ ಕಡಿಮೆ ಅಂದರು. ಡಾಕ್ಟರು ಅಕ್ಕನನ್ನು ಕೇಳಿದ ಮೊದಲನೇ ಪ್ರಶ್ನೆ, "ನಿಮ್ಮ ಸೋದರಮಾವಂದಿರಿಗೆ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇತ್ತಾ?" ಅಕ್ಕ ಅಲ್ಲೇ ಕುಸಿದು ಕೂತಳು. ಆಮೇಲೆ ಮಾವನಿಗೂ ಟೆಸ್ಟ್ ಮಾಡಿಸಿದೆವು. ಅದೇ. ಮೂವತ್ತೈದು ವರ್ಷ ಆದಮೇಲೆ ಅವನ ಕಾಯಿಲೆಗೆ ಒಂದು ಹೆಸರು ಸಿಕ್ಕಿತು.

ಈಗ ವಿಷಯಕ್ಕೆ ಬರುತ್ತೇನೆ. ನನ್ನನ್ನು ಮಾವನಿಗೇ ಕೊಡಬೇಕು ಅಂತ ಅಜ್ಜಿ ಹಟ ಹಿಡಿದಿದ್ದಾರೆ. "ಹೊರಗಡೆ ಕೊಟ್ಟರೆ ನಾಳೆ ಹೇಳದೆ ಕೊಟ್ಟರು ಅಂತಾರೆ. ಇವನಿಗಾದರೆ ಗೊತ್ತಿರೋ ಸಂಗತಿ. ಮನೇದು ಮನೇಲೇ ಇರಲಿ" ಅನ್ನೋದು ಅವರ ಲೆಕ್ಕ. ಮಾವ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಈ ಮಾತು ಎದ್ದಮೇಲೆ ನಾನು ಹೋದರೆ ತಲೆ ಎತ್ತದೆ ಕಾಜಾ ಹಾಕುತ್ತಾ ಕೂರುತ್ತಾನೆ. ಅವನು ನನಗೆ ಅಣ್ಣ ಇದ್ದ ಹಾಗೆ, ನನಗೆ ಇಷ್ಟವಿಲ್ಲ. ಆದರೆ "ಇಷ್ಟ ಇಲ್ಲ" ಅನ್ನೋದು ನಮ್ಮ ಮನೆಯಲ್ಲಿ ಕಾರಣ ಅಲ್ಲ, ಅರ್ಥ ಆಯ್ತಲ್ವಾ?

ನಾನೇ ಹೋಗಿ ಒಂದು ಲ್ಯಾಬ್‌ನಲ್ಲಿ ಫ್ಯಾಕ್ಟರ್ 8 ಟೆಸ್ಟ್ ಮಾಡಿಸಿದೆ. ಶೇಕಡ 71 ಬಂತು. "ನಾರ್ಮಲ್ಲಮ್ಮ, ನಿಮಗೇನೂ ಇಲ್ಲ, ಆರಾಮಾಗಿ ಮದುವೆಯಾಗಿ" ಅಂತ ಅಲ್ಲಿಯವರು ಹೇಳಿದರು. ಇದನ್ನು ನಂಬಬಹುದಾ? ನನಗೆ ಮಕ್ಕಳಾದರೆ ಅವರಿಗೆ ಬರುತ್ತಾ? ಮಾವನನ್ನು ಮದುವೆಯಾದರೆ ಏನು, ಹೊರಗಿನವರನ್ನು ಆದರೆ ಏನು? ಅಕ್ಕನ ಅತ್ತೆ ಬೇರೆ "ನಿಮ್ಮ ಮನೆ ಹೆಣ್ಣುಗಳಿಂದ ಬಂದ ರೋಗ" ಅಂತ ದಿನಾ ಹಂಗಿಸುತ್ತಿದ್ದಾರೆ. ಅದೂ ನಿಜವಾ?

ಕಡಲೆಕಾಯಿ ಚಿಂತಾಮಣಿ:

ಹತ್ತಿರದ ಸಂಬಂಧದಲ್ಲಿ ಮದುವೆ ಆದರೆ ಇಂಥದ್ದೆಲ್ಲ ಬರುತ್ತದೆ. ನಿಮ್ಮ ತಾತ ಅಜ್ಜಿ ಸಂಬಂಧದಲ್ಲೇ ಆಗಿರಬೇಕು, ವಿಚಾರಿಸಿ ನೋಡಿ. ಇನ್ನೊಂದು, ಇವೆಲ್ಲ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಬರೋದು. ಅಕ್ಕನ ಮಗನಿಗೆ ಬಂದು ಆಯ್ತಲ್ಲ, ನಿಮಗೆ ಏನೂ ಆಗಲ್ಲ ಬಿಡಿ. ಟೆಸ್ಟೂ ನಾರ್ಮಲ್ ಇದೆ.

ನಿವೃತ್ತ ಮೇಷ್ಟ್ರು, ತುಮಕೂರು:

ಕಡಲೆಕಾಯಿಯವರೇ, ನಿಮ್ಮ ಮನಸ್ಸು ಒಳ್ಳೆಯದು, ಆದರೆ ಹೇಳಿದ ಮೂರೂ ತಪ್ಪು. ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿದವನು ನಾನು. ಈ "ತಲೆಮಾರು ಬಿಟ್ಟು ಬರುತ್ತೆ" ಅನ್ನೋದನ್ನು ಎಷ್ಟು ಉತ್ತರ ಪತ್ರಿಕೆಯಲ್ಲಿ ಕೆಂಪು ಇಂಕಿನಲ್ಲಿ ಹೊಡೆದು ಹಾಕಿದ್ದೇನೋ ಲೆಕ್ಕವಿಲ್ಲ. ಯಾವ ಜೀನೂ ತಲೆಮಾರು ಎಣಿಸಿಕೊಂಡು ಕೂರುವುದಿಲ್ಲ. ಹೆಣ್ಣುಮಕ್ಕಳಲ್ಲಿ ಕಾಣದೆ ಸಾಗುತ್ತದೆ, ಅದಕ್ಕೆ ಬಿಟ್ಟು ಬಂದ ಹಾಗೆ ಅನ್ನಿಸುತ್ತದೆ, ಅಷ್ಟೇ.

ತಂಗೀ, ನಮ್ಮ ಕಡೆ ಬೋರ್‌ವೆಲ್ ಗೊತ್ತಲ್ಲ, ಅದರಲ್ಲೇ ಹೇಳುತ್ತೇನೆ. ಫ್ಯಾಕ್ಟರ್ 8 ಅಂದರೆ ರಕ್ತ ಹೆಪ್ಪುಗಟ್ಟಿಸುವ ಒಂದು ಪ್ರೋಟೀನು. ಅದನ್ನು ತಯಾರಿಸುವ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಅಂದರೆ ಜೀನುಗಳನ್ನು ಹೊತ್ತ ಎಳೆಗಳಲ್ಲಿ ಒಂದರಲ್ಲಿ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದು ಎಕ್ಸ್ ಒಂದು ವೈ. ಹೆಣ್ಣು ಎರಡು ಬೋರ್ ಇರುವ ತೋಟ. ಒಂದು ಬತ್ತಿದರೂ ಇನ್ನೊಂದು ತೋಟ ಉಳಿಸುತ್ತದೆ, ದಾರಿಯಲ್ಲಿ ಹೋಗುವವರಿಗೆ ಗೊತ್ತೂ ಆಗಲ್ಲ. ಗಂಡಿಗೆ ಒಂದೇ ಬೋರ್. ಅದು ಬತ್ತಿದರೆ ಮುಗೀತು.

ಈಗ ನಿಮ್ಮ ಮನೆಗೆ ಬನ್ನಿ. ಅಜ್ಜಿಯ ಒಬ್ಬ ಮಗನಿಗೆ ಟೆಸ್ಟ್‌ನಲ್ಲೇ ಬಂದಿದೆ, ಇನ್ನೊಬ್ಬ ಹೋದ ರೀತಿಯೂ ಅದನ್ನೇ ಹೇಳುತ್ತದೆ. ಅದೇ ಕಾಯಿಲೆ ಮೊಮ್ಮಗಳ ಮಗನಲ್ಲೂ ಇದೆ. ಅಂದರೆ ಅಜ್ಜಿಯಿಂದ ನಿಮ್ಮ ಅಮ್ಮ, ಅಮ್ಮನಿಂದ ಅಕ್ಕ, ಅಕ್ಕನಿಂದ ಮಗು. ಬೇರೆ ದಾರಿಯೇ ಇಲ್ಲ. ಈ ಮೂವರೂ ವಾಹಕರು, ಅಂದರೆ ಒಂದು ಕೆಟ್ಟ ಜೀನ್ ಹೊತ್ತವರು, ಅದಕ್ಕೆ ಟೆಸ್ಟೇ ಬೇಡ. ನೀವು? ಅಮ್ಮನ ಎರಡು ಎಕ್ಸ್‌ನಲ್ಲಿ ನಿಮಗೆ ಬಂದಿರುವುದು ಒಂದು. ಅದು ಕೆಟ್ಟದ್ದೋ ಒಳ್ಳೆಯದೋ, ಅರ್ಧಕ್ಕೆ ಅರ್ಧ. ಅಕ್ಕನಿಗೆ ಬಂತು ಅಂತ ನಿಮಗೆ ಬರೋದು ಜಾಸ್ತಿಯೂ ಆಗಲ್ಲ, ಕಮ್ಮಿಯೂ ಆಗಲ್ಲ. ನಿಮ್ಮ ಇನ್ನೊಂದು ಎಕ್ಸ್ ಅಪ್ಪನದು. ಅಪ್ಪನಿಗೆ ಕಾಯಿಲೆ ಇಲ್ಲ, ಹಾಗಾಗಿ ಅದು ಗ್ಯಾರಂಟಿ ಒಳ್ಳೆಯದು.

ಹೊರಗಿನ ಹುಡುಗನನ್ನು ಮದುವೆಯಾದಿರಿ ಅಂದುಕೊಳ್ಳಿ. ನೀವು ವಾಹಕಿ ಆಗಿದ್ದರೆ ಹುಟ್ಟುವ ಪ್ರತಿ ಗಂಡು ಮಗುವಿಗೂ ಎರಡರಲ್ಲಿ ಒಂದು ಸಾಧ್ಯತೆ. ಹೆಣ್ಣು ಮಗು ವಾಹಕಿ ಆಗುವುದಕ್ಕೂ ಅಷ್ಟೇ. ವಾಹಕಿ ಅಲ್ಲದಿದ್ದರೆ ಈ ಕಾಯಿಲೆ ನಿಮ್ಮ ಕವಲಿನಲ್ಲಿ ಅಲ್ಲಿಗೇ ನಿಂತಿತು.

ಮಾವನನ್ನು ಆದಿರಿ ಅಂದುಕೊಳ್ಳಿ. ಅವರ ಹತ್ತಿರ ಇರುವ ಒಂದೇ ಎಕ್ಸ್ ಕೆಟ್ಟದ್ದು. ಹೆಣ್ಣುಮಕ್ಕಳಿಗೆಲ್ಲ ಅದು ಹೋಗಲೇಬೇಕು. ನೀವು ವಾಹಕಿ ಅಲ್ಲದಿದ್ದರೂ ಹುಟ್ಟುವ ಎಲ್ಲ ಹೆಣ್ಣುಮಕ್ಕಳು ವಾಹಕರು. ನೀವೂ ವಾಹಕಿ ಆಗಿದ್ದರೆ ಹೆಣ್ಣುಮಕ್ಕಳಲ್ಲೂ ಅರ್ಧ ಜನಕ್ಕೆ ಕಾಯಿಲೆಯೇ ಬರುತ್ತದೆ. ಎರಡೂ ಬೋರ್ ಬತ್ತಿದ ತೋಟ. ಹೆಣ್ಣುಮಕ್ಕಳಿಗೆ ಇದು ಇಷ್ಟು ತೀವ್ರವಾಗಿ ಬರುವುದು ತುಂಬಾ ಅಪರೂಪ, ಅಜ್ಜಿಯವರು ಆ ಅಪರೂಪಕ್ಕೇ ಬಾಗಿಲು ತೆಗೆಯುತ್ತಿದ್ದಾರೆ. ಸಾಲದ್ದಕ್ಕೆ ಸೋದರಮಾವ ಸೊಸೆ ಅಂದರೆ ಕಾಲು ಭಾಗ ಜೀನ್ ಒಂದೇ. ಹುಟ್ಟು ಕಿವುಡಿನಂಥ ಬೇರೆ ಗುಪ್ತ ಕಾಯಿಲೆಗಳಿಗೂ ಅಲ್ಲಿ ದಾರಿ ಜಾಸ್ತಿ. ಆದರೆ ಹಿಮೋಫಿಲಿಯಾಗೆ ಸಂಬಂಧದ ಮದುವೆ ಕಾರಣ ಅಲ್ಲ, ಅದು ಬೇರೆ ಲೆಕ್ಕ. ಕಡಲೆಕಾಯಿಯವರು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ.

ಒಂದು ಮಾತು ಮಾವನಿಗೆ ತಪ್ಪದೆ ಹೇಳಿ. ಅಪ್ಪ ಮಗನಿಗೆ ಕೊಡುವುದು ವೈ. ಎಕ್ಸ್ ಕೊಡುವುದೇ ಇಲ್ಲ. ಅವರು ಹೊರಗಿನ ಹುಡುಗಿಯನ್ನು ಮದುವೆಯಾದರೆ ಅವರ ಗಂಡುಮಕ್ಕಳಿಗೆ ಇವರಿಂದ ಈ ಕಾಯಿಲೆ ಬರುವುದಿಲ್ಲ.

ಮುಳಬಾಗಿಲು ಅಣ್ಣ:

ಮೇಷ್ಟ್ರು ಬೋರ್‌ವೆಲ್ ಲೆಕ್ಕ ಚೆನ್ನಾಗಿ ಹೇಳಿದ್ದಾರೆ. ನಾನು ಆ ಬತ್ತಿದ ಬೋರ್! ವಯಸ್ಸು 41, ತೀವ್ರ ಹಿಮೋಫಿಲಿಯಾ ಎ. ನಿಮ್ಮ ಮಾವನ ಮೊಣಕಾಲು ಹೇಗಿರುತ್ತೆ ಅಂತ ನೋಡದೇ ಹೇಳಬಲ್ಲೆ. ಊದುವುದಕ್ಕೆ ಮುಂಚೆ ಒಳಗೆ ಸೋಡಾ ಬಾಟಲಿ ತೆಗೆದ ಹಾಗೆ ಜುಮುಜುಮು ಅನ್ನುತ್ತೆ. ಆಗಲೇ ಫ್ಯಾಕ್ಟರ್ 8 ಅನ್ನು ರಕ್ತನಾಳಕ್ಕೆ ಹಾಕಿಸಿಕೊಂಡರೆ ಉಳಿಯಿತು. ಬೆಳಿಗ್ಗೆ ನೋಡೋಣ ಅಂದರೆ ಹತ್ತು ದಿನ ಹೋಯಿತು. ಅವರಿಗೆ ಕೇಳಿ ನೋಡಿ, ಹೌದು ಅಂತಾರೆ.

ಮೊದಲು ನಿಮ್ಮ ಟೆಸ್ಟ್ ವಿಷಯ. 71 ಬಂತು ಅಂತ ವಾಹಕಿ ಅಲ್ಲ ಅನ್ನೋಕಾಗಲ್ಲ. ಲ್ಯಾಬಿನವರು ಹೇಳಿದ್ದು ಅರ್ಧ ಸತ್ಯ. ನಿಮ್ಮ ರಕ್ತ ಹೆಪ್ಪುಗಟ್ಟುತ್ತದೆ, ಅಷ್ಟು ಮಾತ್ರ ಅದರಿಂದ ಗೊತ್ತಾಗಿದ್ದು. ಹೆಣ್ಣುಮಕ್ಕಳ ಒಂದೊಂದು ಜೀವಕೋಶದಲ್ಲೂ ಎರಡು ಎಕ್ಸ್‌ನಲ್ಲಿ ಒಂದು ಮಲಗಿಬಿಡುತ್ತದೆ. ಯಾವುದು ಮಲಗುತ್ತೆ ಅನ್ನೋದು ಅದೃಷ್ಟ. ಅದಕ್ಕೇ ವಾಹಕರಲ್ಲಿ ಒಬ್ಬರಿಗೆ 30 ಇರುತ್ತೆ, ಒಬ್ಬರಿಗೆ 90 ಇರುತ್ತೆ. ನನ್ನ ಅಕ್ಕನಿಗೆ 84 ಇತ್ತು. ಅವಳೂ ಲ್ಯಾಬ್ ಚೀಟಿ ಹಿಡಿದು ಕುಣಿದಳು. ಜೀನ್ ಟೆಸ್ಟ್ ಮಾಡಿಸಿದಾಗ ವಾಹಕಿ ಅಂತ ಬಂತು.

ಹಾಗಾಗಿ ಬೇಕಾಗಿರುವುದು ಜೀನ್ ಟೆಸ್ಟ್. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡ್ತಾರೆ, ನಾವೂ ಮಾಡಿದ್ವಿ, ದುಡ್ಡೂ ಹೋಯಿತು. ಟೆಸ್ಟ್ ನಿಮ್ಮಿಂದ ಶುರು ಮಾಡಬೇಡಿ. ಮಾವನಿಂದ ಶುರು ಮಾಡಿ. ಈ ಜೀನು ತುಂಬಾ ದೊಡ್ಡದು. ಅದು ಎಲ್ಲಿ ಕೆಟ್ಟಿದೆ ಅನ್ನೋದು ಮನೆಯಿಂದ ಮನೆಗೆ ಬೇರೆ. ತೀವ್ರವಾಗಿ ಇರುವವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಜೀನಿನ ಒಂದು ತುಂಡು ತಿರುಗಿ ಕೂತಿರುತ್ತದೆ, ಇಂಟ್ರಾನ್ 22 ಇನ್ವರ್ಷನ್ ಅಂತಾರೆ. ಮೊದಲು ಅದನ್ನೇ ನೋಡುತ್ತಾರೆ. ಉಳಿದವರಲ್ಲಿ ಹುಡುಕಬೇಕು. ಮಾವನ ರಕ್ತದಲ್ಲೋ ಅಕ್ಕನ ಮಗನ ರಕ್ತದಲ್ಲೋ ನಿಮ್ಮ ಮನೆಯ ತಪ್ಪು ಎಲ್ಲಿದೆ ಅಂತ ಸಿಕ್ಕಿತು ಅಂದರೆ, ಆಮೇಲೆ ನಿಮ್ಮಲ್ಲಿ ಅದೊಂದೇ ಜಾಗ ನೋಡಿದರೆ ಸಾಕು. ಇದೆ ಅಥವಾ ಇಲ್ಲ, ಎರಡರಲ್ಲಿ ಒಂದು ಉತ್ತರ. ನಾವು ಹೋಗಿದ್ದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ, ಕೋಲಾರದ ಕಡೆಯವರಿಗೆ ಅದು ಹತ್ತಿರ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ಅವರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಅಕ್ಕನ ಮಗನಿಗೆ: ತೊಡೆಗೆ, ಕುಂಡಿಗೆ ಇಂಜೆಕ್ಷನ್ ಯಾರೇ ಹಾಕೋಕೆ ಬಂದರೂ ಕೈ ಅಡ್ಡ ಹಿಡಿಯಿರಿ. ಲಸಿಕೆ ಬಿಡಬಾರದು, ಆದರೆ ಹಿಮೋಫಿಲಿಯಾ ಡಾಕ್ಟರನ್ನು ಕೇಳಿಕೊಂಡೇ ಹಾಕಿಸಿ. ಸಣ್ಣ ಸೂಜಿಯಲ್ಲಿ ಕೊಟ್ಟು ಐದು ಹತ್ತು ನಿಮಿಷ ಒತ್ತಿ ಹಿಡಿಯುತ್ತಾರೆ. ಆಸ್ಪಿರಿನ್, ಬ್ರೂಫೆನ್ ಮುಟ್ಟಬೇಡಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಫ್ಯಾಕ್ಟರ್ ಜಿಲ್ಲಾಸ್ಪತ್ರೆಯಲ್ಲಿ ಉಚಿತ, ಹೊರಡುವ ಮುಂಚೆ ಫೋನ್ ಮಾಡಿ ಸ್ಟಾಕ್ ಕೇಳಿಕೊಳ್ಳಿ. ನಾನಂತೂ ಎರಡು ವಯಲ್ ಮನೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆ ಪಕ್ಕ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ನಮ್ಮ ಮನೆಗೆ ಬಂದವರು ಬರ್ಫಿ ಅಂದುಕೊಂಡು ಡಬ್ಬಿ ತೆಗೆದದ್ದೂ ಉಂಟು. ಮಾವನಿಗೆ ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ.

ಕೊನೆಗೆ ಅಕ್ಕನ ಅತ್ತೆ ವಿಷಯ. ನಮ್ಮ ಅಪ್ಪನ ತಾಯಿಯೂ ನಮ್ಮಮ್ಮನಿಗೆ ಇಪ್ಪತ್ತು ವರ್ಷ ಇದೇ ಮಾತು ಆಡಿದರು. ಅಮ್ಮನ ತವರಿನಲ್ಲಿ ಹಿಂದೆ ಯಾರಿಗೂ ಇರಲಿಲ್ಲ. ಮೂರರಲ್ಲಿ ಒಂದು ಕೇಸು ಹೀಗೆ, ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿ ಶುರುವಾಗುತ್ತದೆ. ಜೀನು ನಕಲಾಗುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಅದು ಅಮ್ಮನ ಅಪ್ಪನ ವೀರ್ಯದಲ್ಲಿ ತಪ್ಪಿದ್ದೂ ಇರಬಹುದು. ಹಾಗಾದರೆ ಬೈಯಬೇಕಾದ್ದು ಯಾರನ್ನ? ಅಮ್ಮ ತೀರಿಕೊಂಡ ಮೇಲೆ ನನಗೆ ಇದು ಗೊತ್ತಾಯಿತು. ಅವರಿಗೆ ಹೇಳೋಕೆ ಆಗಲಿಲ್ಲ.

ನಿವೃತ್ತ ಮೇಷ್ಟ್ರು, ತುಮಕೂರು:

ವಿಕ್ಟೋರಿಯಾ ರಾಣಿಯದೂ ಇದೇ ಕಥೆ. ಅವಳ ಹಿಂದೆ ಆ ಮನೆತನದಲ್ಲಿ ಯಾರಿಗೂ ಇದ್ದ ದಾಖಲೆ ಇಲ್ಲ. ಅವಳ ಮಗ ಲಿಯೋಪೋಲ್ಡ್ 1884ರಲ್ಲಿ ಜಾರಿ ಬಿದ್ದು 30ನೇ ವಯಸ್ಸಿಗೆ ಸತ್ತ. ಇಬ್ಬರು ಹೆಣ್ಣುಮಕ್ಕಳಿಂದ ಸ್ಪೇನ್, ರಷ್ಯಾ ಅರಮನೆಗಳಿಗೂ ಹೋಯಿತು. ರಷ್ಯಾದ ರಾಜಕುಮಾರನ ಮೂಳೆಗಳ ಡಿಎನ್ಎ ನೋಡಿ ಅದು ಹಿಮೋಫಿಲಿಯಾ ಬಿ, ಅಂದರೆ 8ರ ಬದಲು ಫ್ಯಾಕ್ಟರ್ 9 ಕಮ್ಮಿ ಇರುವ ಬಗೆ, ಅಂತ ಹೇಳಿದ್ದು 2009ರಲ್ಲಿ. ಅಕ್ಕನ ಅತ್ತೆಗೆ ಹೇಳಿ, ಮಹಾರಾಣಿಯ ಬೀಗರೂ ಇದೇ ಮಾತು ಆಡಬಹುದಿತ್ತು ಅಂತ.

ಸಿಸ್ಟರ್ ಶಿರಾ:

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡ್ತೀನಿ, ಇಬ್ಬರೂ ಬಿಟ್ಟಿದ್ದು ಹೇಳಿಬಿಡ್ತೀನಿ. ವಾಹಕಿಗೆ ಏನೂ ಆಗಲ್ಲ ಅನ್ನೋದು ತಪ್ಪು. ಕೆಲವರಿಗೆ ಮುಟ್ಟಿನ ರಕ್ತ ತುಂಬಾ ಹೋಗುತ್ತೆ, ಹಲ್ಲು ಕೀಳಿಸಿದರೆ ನಿಲ್ಲಲ್ಲ, ಬಾಣಂತನದಲ್ಲಿ ಜಾಸ್ತಿ ಆಗುತ್ತೆ. ನಿಮ್ಮ ಅಕ್ಕ ಮತ್ತು ಅಮ್ಮನ ಫ್ಯಾಕ್ಟರ್ ಯಾರಾದರೂ ನೋಡಿದ್ದಾರಾ? ಮಗುವಿನ ಗಲಾಟೆಯಲ್ಲಿ ಅವರನ್ನು ಮರೆತೇಬಿಡ್ತಾರೆ. ಅಕ್ಕ ಮತ್ತೆ ಬಸುರಿಯಾದರೆ ಮೊದಲ ದಿನವೇ ಡಾಕ್ಟರಿಗೆ ಹೇಳಲಿ. ವಾಹಕಿಯ ಹೆರಿಗೆಯಲ್ಲಿ ವ್ಯಾಕ್ಯೂಮ್ ಹಾಕಿ ಎಳೆಯಬಾರದು, ಮಗುವಿನ ತಲೆಯೊಳಗೆ ರಕ್ತಸ್ರಾವ ಆಗಬಹುದು.

ಬಸುರಿಯಲ್ಲೇ ಮಗುವಿಗೆ ಇದೆಯಾ ಅಂತ ನೋಡಬಹುದು, ಹನ್ನೊಂದನೇ ವಾರ ಆದಮೇಲೆ. ಲಿಂಗ ಪತ್ತೆ ಅಪರಾಧ ಅಲ್ವಾ ಅಂತ ಎಲ್ಲರೂ ಹೆದರುತ್ತಾರೆ. ಗಂಡೋ ಹೆಣ್ಣೋ ಹೇಳೋದು ಅಪರಾಧ, ನಿಜ. ಆದರೆ 1994ರ ಅದೇ ಕಾಯ್ದೆ ಇಂಥ ಕಾಯಿಲೆ ಪತ್ತೆ ಮಾಡೋಕೆ ನೋಂದಾಯಿತ ಸೆಂಟರ್‌ಗೆ ಅವಕಾಶ ಕೊಟ್ಟಿದೆ. ಅದಕ್ಕೂ ಮನೆಯ ಜೀನ್ ತಪ್ಪು ಮೊದಲೇ ಗೊತ್ತಿರಬೇಕು. ಬಸುರಿ ಆದಮೇಲೆ ಹುಡುಕೋಕೆ ಹೊರಟರೆ ಟೈಮ್ ಸಾಲಲ್ಲ.

ಕಡಲೆಕಾಯಿ ಚಿಂತಾಮಣಿ:

ಮೇಷ್ಟ್ರೇ, ತಪ್ಪಾಯ್ತು. ನಮ್ಮ ದೊಡ್ಡಪ್ಪ ಹೇಳಿದ್ದನ್ನೇ ಹೇಳಿದೆ. ಒಂದು ಡೌಟು. ವೆಲ್ಲೂರಿನಲ್ಲಿ ಜೀನ್ ಹಾಕಿ ಇದನ್ನು ವಾಸಿ ಮಾಡಿದರು ಅಂತ ಪೇಪರಲ್ಲಿ ಓದಿದ್ದೆ. ಮಾವ ಅದನ್ನು ಮಾಡಿಸಿಕೊಂಡರೆ ಹೆಣ್ಣುಮಕ್ಕಳಿಗೂ ಹೋಗಲ್ಲ ಅಲ್ವಾ?

ಮುಳಬಾಗಿಲು ಅಣ್ಣ:

ಅದು ಐದು ಜನರ ಮೇಲೆ ಮಾಡಿದ ಪ್ರಯೋಗ. ನಾನೂ ಆಸೆಯಿಂದ ಓದಿದೆ. ಅವರ ಮೂಳೆಮಜ್ಜೆಯ ಕಾಂಡಕೋಶ ತೆಗೆದು ಅದಕ್ಕೆ ಸರಿಯಾದ ಜೀನ್ ಸೇರಿಸಿ ವಾಪಸ್ ಕೊಡುತ್ತಾರೆ. ರಕ್ತದಲ್ಲಿ ಫ್ಯಾಕ್ಟರ್ ಬರುತ್ತದೆ, ಆದರೆ ವೀರ್ಯದಲ್ಲಿರುವ ಎಕ್ಸ್ ಹಳೆಯದೇ. ಮಗಳಿಗೆ ಹೋಗುವುದು ಹೋಗೇ ಹೋಗುತ್ತದೆ.

ಗೌರಿಬಿದನೂರಿನವಳು:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆದಮೇಲೆ ಬರೆಯುತ್ತಿದ್ದೇನೆ.

ಭಾನುವಾರ ಅಂಗಡಿಗೆ ಹೋದೆ. ಮಾವ ಎಂದಿನಂತೆ ತಲೆ ಬಗ್ಗಿಸಿಕೊಂಡು ಹೊಲಿಯುತ್ತಿದ್ದ. ಬಟ್ಟೆ ಅಳತೆ ಬರೆಯುವ ಅವನ ಪುಸ್ತಕದ ಹಿಂದಿನ ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದೆ. ಅಜ್ಜಿ, ಅಮ್ಮ, ಅಕ್ಕ, ನಾನು. ಗಂಡುಮಕ್ಕಳಿಗೆ ಚೌಕ, ಹೆಣ್ಣುಮಕ್ಕಳಿಗೆ ಸೊನ್ನೆ. ಜುಮುಜುಮು ವಿಷಯ ಕೇಳಿದೆ. ಸೂಜಿಯಿಂದ ಕೈ ತೆಗೆದು ನನ್ನ ಮುಖ ನೋಡಿದ. "ಯಾರು ಹೇಳಿದ್ದು ನಿನಗೆ? ನಾನು ಇದನ್ನ ಯಾರಿಗೂ ಹೇಳಿಲ್ಲ" ಅಂದ. ಹೇಳಿದರೂ ಯಾರಿಗೂ ಅರ್ಥ ಆಗಲ್ಲ ಅಂತ ಸುಮ್ನಿದ್ದನಂತೆ.

ಆಮೇಲೆ ಅವನ ಚೌಕದ ಕೆಳಗೆ ಇನ್ನೊಂದು ಚೌಕ ಬರೆದು, ನಿನಗೆ ಮಗ ಹುಟ್ಟಿದರೆ ಅವನಿಗೆ ನಿನ್ನಿಂದ ಬರಲ್ಲ ಮಾವ ಅಂದೆ. ಮೋಟರ್ ಆಫ್ ಮಾಡಿದ. ಎರಡು ಸಲ ಕೇಳಿದ, ಗ್ಯಾರಂಟಿನಾ ಅಂತ. ಮೂರು ವರ್ಷದ ಹಿಂದೆ ಬಾಗೇಪಲ್ಲಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮಗನಿಗೂ ಹೀಗೇ ಕಾಲು ಹೋಗುತ್ತೆ ಅಂತ ಇವನೇ ಬೇಡ ಅಂದಿದ್ದ. ನಮಗೆಲ್ಲ ಹುಡುಗಿ ಇಷ್ಟ ಆಗಲಿಲ್ಲ ಅಂತ ಹೇಳಿದ್ದ.

ಅವತ್ತು ರಾತ್ರಿ ಅಜ್ಜಿ ಮುಂದೆ ಅವನೇ ಬಾಯಿ ಬಿಟ್ಟ. ನಮ್ಮ ಮನೆಯಲ್ಲಿ ಜಗಳ ತೆಲುಗಿನಲ್ಲಿ ಆಗುತ್ತೆ, ರಾಜಿ ಕನ್ನಡದಲ್ಲಿ. ಇದು ಪೂರ್ತಿ ತೆಲುಗಿನಲ್ಲೇ ನಡೆಯಿತು! ಅಜ್ಜಿ ಇನ್ನೂ ಮಾತು ಬಿಟ್ಟಿದ್ದಾರೆ, ಊಟ ಮಾತ್ರ ಬಡಿಸುತ್ತಾರೆ. ಅಕ್ಕನ ಫ್ಯಾಕ್ಟರ್ ನೋಡಿಸಿದೆವು ಸಿಸ್ಟರ್, 38 ಇದೆ. ಹೆರಿಗೆ ಆದಾಗ ಅವಳಿಗೆ ಯಾಕೆ ಅಷ್ಟು ರಕ್ತ ಹೋಯಿತು ಅಂತ ಈಗ ಗೊತ್ತಾಯಿತು.

ಮುಂದಿನ ತಿಂಗಳು ನಾನು, ಮಾವ, ಅಕ್ಕ, ಮಗು ನಾಲ್ಕು ಜನ ವೆಲ್ಲೂರಿಗೆ ಹೋಗುತ್ತಿದ್ದೇವೆ. "ನನ್ನ ರಕ್ತ ಯಾವುದಕ್ಕಾದ್ರೂ ಉಪಯೋಗಕ್ಕೆ ಬಂತಲ್ಲ" ಅಂತ ಮಾವ ತಮಾಷೆ ಮಾಡುತ್ತಿದ್ದಾನೆ. ಬೆಂಗಳೂರಿನಿಂದ ವೆಲ್ಲೂರಿಗೆ ಇಳಿಯುವ ಕಾಟ್ಪಾಡಿ ಸ್ಟೇಷನ್‌ಗೆ ಬೆಳಗಿನ ರೈಲು ಒಳ್ಳೆಯದಾ, ರಾತ್ರಿಯದಾ? ಅವನಿಗೆ ಕಾಲು ಮಡಚಿ ಜಾಸ್ತಿ ಹೊತ್ತು ಕೂರೋಕೆ ಆಗಲ್ಲ.

ಮುಳಬಾಗಿಲು ಅಣ್ಣ:

ಬೆಳಗಿನದೇ ಹೋಗಿ, ನಡುವಿನ ದಾರಿ ಪಕ್ಕದ ಸೀಟು ತಗೊಳ್ಳಿ, ಕಾಲು ಚಾಚಬಹುದು. ಹಿಮೋಫಿಲಿಯಾ ಇರುವವರಿಗೆ ಚಿಕಿತ್ಸೆಗೆ ಹೋಗುವಾಗ ರೈಲ್ವೆಯಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಲ್ಲಿ ಫಾರಂ ತುಂಬಿಸಿ ಸೀಲು ಹಾಕಿಸಿಕೊಂಡು ಟಿಕೆಟ್ ಕೌಂಟರಿಗೆ ಹೋಗಿ. ಮಗುವಿನ ಹಳೆಯ ರಿಪೋರ್ಟ್ ಎಲ್ಲಾ ತಗೊಂಡು ಹೋಗಿ, ಜೊತೆಗೆ ಅಳತೆ ಪುಸ್ತಕದ ಆ ಹಾಳೆಯನ್ನೂ. ಅಲ್ಲಿ ಡಾಕ್ಟರು ಮೊದಲು ಬರೆಸುವುದು ಅದೇ ಚಿತ್ರ.